ದುಡ್ಡು ಕೊಟ್ಟು ಕೊಂಡ ಗೇಮ್, ಆದರೆ ಮೂರೇ ಸಲ!

ನಮಸ್ಕಾರ. ನೀವು ಒಂದು ಮಿಕ್ಸಿ ಕೊಂಡಿರಿ ಅಂತ ಇಟ್ಟುಕೊಳ್ಳಿ. ಮೂರು ಸಲ ಮನೆ ಬದಲಾಯಿಸಿದಿರಿ. ನಾಲ್ಕನೇ ಮನೆಯಲ್ಲಿ ಅದು ತಿರುಗುವುದೇ ಇಲ್ಲ. ಕಂಪನಿಗೆ ಫೋನ್ ಮಾಡಿ, ದಯವಿಟ್ಟು ಚಾಲೂ ಮಾಡಿಕೊಡಿ ಅಂತ ಕೇಳಬೇಕು. ಸಿಟ್ಟು ಬರುತ್ತದೆ, ಅಲ್ವಾ?

[ಪರದೆಯ ಮೇಲೆ: ಸ್ಪೋರ್ ಗೇಮಿನ ಡಬ್ಬಿ]

2008ರ ಸೆಪ್ಟೆಂಬರ್‌ನಲ್ಲಿ ಸ್ಪೋರ್ ಕೊಂಡವರಿಗೆ ಆಗಿದ್ದು ಇದೇ. ಸಿಮ್‌ಸಿಟಿ ಅನ್ನುವ ಗೇಮ್ ಮಾಡಿದ ವಿಲ್ ರೈಟ್ ಅವರ ಗೇಮ್ ಇದು. ಜನ ವರ್ಷಗಟ್ಟಲೆ ಕಾದಿದ್ದರು. ಒಂದು ಪುಟ್ಟ ಜೀವಕೋಶದಿಂದ ಶುರು ಮಾಡಿ, ಅದನ್ನು ಬೆಳೆಸುತ್ತಾ ಬಾಹ್ಯಾಕಾಶದವರೆಗೆ ಹೋಗಬಹುದು. ಎಷ್ಟು ಚೆಂದದ ಯೋಚನೆ!

ಆದರೆ ಪ್ರಕಾಶಕರಾದ ಇಎ, ಇದರ ಜೊತೆ ಸೆಕ್ಯುರಾಮ್ ಅನ್ನುವ ಬೀಗ ಹಾಕಿದ್ದರು. ಅದು ಆಗ ಕೆಲಸ ಮಾಡುತ್ತಿದ್ದದ್ದು ಹೀಗೆ. ಗೇಮ್ ಹಾಕಿದ ಕೂಡಲೇ ಅದು ನಿಮ್ಮ ಕಂಪ್ಯೂಟರಿನ ಗುರುತನ್ನು ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ನಿಮಗೆ ಕೊಟ್ಟ ಮೂರು ಸಲದ ಲೆಕ್ಕದಲ್ಲಿ ಒಂದು ಕಳೆಯುತ್ತದೆ. ಹೊಸ ಕಂಪ್ಯೂಟರ್ ತಂದರೆ ಮತ್ತೊಂದು ಹೋಯಿತು. ಮೂರು ಮುಗಿದ ಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿಕೊಳ್ಳಬೇಕು.

ಕಳ್ಳ ಕಾಪಿ ತಡೆಯಲು ಇದೆಲ್ಲ ಮಾಡಿದ್ದು. ಗೇಮ್ ಕದಿಯುವುದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡೆದದ್ದು ನೋಡಿ. ಗೇಮ್ ಅಂಗಡಿಗೆ ಬರುವ ಮೊದಲೇ, ಬೀಗ ಒಡೆದ ಕಾಪಿ, ಜನ ಒಬ್ಬರಿಗೊಬ್ಬರು ಫೈಲ್ ಹಂಚಿಕೊಳ್ಳುವ ಟೊರೆಂಟ್‌ನಲ್ಲಿ ಬಂದಿತ್ತು! ಆ ವರ್ಷ ಅದನ್ನು ಸುಮಾರು 17 ಲಕ್ಷ ಸಲ ಇಳಿಸಿಕೊಂಡರು ಅಂತ ಟೊರೆಂಟ್‌ಫ್ರೀಕ್ ಅನ್ನುವ ಸುದ್ದಿ ತಾಣ ಲೆಕ್ಕ ಕೊಟ್ಟಿತು. ಕದ್ದವರಿಗೆ ಯಾವ ಮಿತಿಯೂ ಇಲ್ಲ. ಮೂರರ ಲೆಕ್ಕ ಇದ್ದದ್ದು ದುಡ್ಡು ಕೊಟ್ಟವರಿಗೆ ಮಾತ್ರ.

[ಪರದೆಯ ಮೇಲೆ: ಒಂದರ ಕೆಳಗೊಂದು ಒಂಟಿ ನಕ್ಷತ್ರಗಳು]

ಜನ ಸುಮ್ನೆ ಕೂರಲಿಲ್ಲ. ಅಮೆಜಾನ್‌ನಲ್ಲಿ ಎರಡೇ ವಾರದೊಳಗೆ 2,000ಕ್ಕೂ ಹೆಚ್ಚು ಒಂದು-ಸ್ಟಾರ್ ರಿವ್ಯೂಗಳು ಬಿದ್ದವು. ಅಮೆರಿಕದಲ್ಲಿ ಕೋರ್ಟಿಗೂ ಹೋದರು. ಇಎ ಮಿತಿಯನ್ನು ಐದಕ್ಕೆ ಏರಿಸಿತು. ಡಿಸೆಂಬರ್‌ನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಬಂದ ಸ್ಪೋರ್‌ನಲ್ಲಿ ಸೆಕ್ಯುರಾಮ್ ಇರಲೇ ಇಲ್ಲ. ನನ್ನ ಪ್ರಕಾರ ಆ ಒಂಟಿ ನಕ್ಷತ್ರಗಳು ಮಾಡಿದ ಕೆಲಸ ದೊಡ್ಡದು.

ಎಲ್ಲರೂ ಪಾಠ ಕಲಿತರೇ? ಇಲ್ಲ. 2010ರಲ್ಲಿ ಯೂಬಿಸಾಫ್ಟ್ ಅನ್ನುವ ಗೇಮ್ ಕಂಪನಿ ಇನ್ನೂ ಬಿಗಿ ಮಾಡಿತು. ಒಬ್ಬರೇ ಆಡುವ ಅಸ್ಯಾಸಿನ್ಸ್ ಕ್ರೀಡ್ 2ಕ್ಕೂ ಸದಾ ಇಂಟರ್‌ನೆಟ್ ಬೇಕು ಅಂದಿತು. ಮಾರ್ಚ್‌ನಲ್ಲಿ ಅವರ ಸರ್ವರ್‌ಗಳ ಮೇಲೆ ದಾಳಿಯಾಯಿತು. ಗೇಮ್ ಕೊಂಡ ಎಷ್ಟೋ ಜನ ಆಡಲಾಗದೆ ಕೂತರು.

ಇನ್ನು ಪೋಲೆಂಡಿನ ಗೇಮ್ ಕಂಪನಿ ಸಿಡಿ ಪ್ರಾಜೆಕ್ಟ್ ಕಥೆ. ಇದು ನನಗೆ ತುಂಬಾ ಇಷ್ಟ. 2011ರ ಮೇನಲ್ಲಿ ಅವರು ದಿ ವಿಚರ್ 2 ಅನ್ನುವ ಗೇಮ್ ಬಿಟ್ಟರು. ಅಂಗಡಿಯ ಡಿಸ್ಕ್‌ಗೆ ಸೆಕ್ಯುರಾಮ್ ಬೀಗ. ಅವರದೇ ಜಿಓಜಿ ತಾಣದಲ್ಲಿ ಮಾರಿದ್ದಕ್ಕೆ ಯಾವ ಬೀಗವೂ ಇಲ್ಲ. ಬೀಗವಿಲ್ಲದ್ದೇ ಮೊದಲು ಕಳ್ಳರ ಪಾಲಾಗುತ್ತದೆ ಅಂತ ಈ ಉದ್ಯಮದಲ್ಲಿ ಬಹಳ ಜನ ನಂಬಿದ್ದರು.

ಮೊದಲು ಕಳುವಾದದ್ದು ಬೀಗ ಹಾಕಿದ ಡಿಸ್ಕೇ.