ಭ್ರಷ್ಟ ಅಂದರೆ ಬರೀ ಲಂಚ ತಿಂದವನಾ?

ನಮಸ್ಕಾರ ಸ್ನೇಹಿತರೇ. ಹಿಂದಿನ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಆತ ಒಂದು ಪೈಸೆ ಮುಟ್ಟಿಲ್ಲ. ಭ್ರಷ್ಟ ಅಂತ ಹೇಗೆ ಕರೆದಿರಿ?" ಅದಕ್ಕೆ ಲೈಕ್ ಮೇಲೆ ಲೈಕ್! ಓದಿ ಮೈ ಉರಿಯಿತು.

ನಾನು ಹೇಳಿದ್ದು ಉತ್ತರ ಪತ್ರಿಕೆ ತಿದ್ದುವ ಒಬ್ಬ ಮೇಷ್ಟ್ರ ವಿಷಯ. ನೆಂಟರ ಹುಡುಗನಿಗೆ 28 ಬಂದಿತ್ತು. ಎರಡರ ಬಾಲ ಸ್ವಲ್ಪ ತಿರುಚಿ ಮೂರು ಮಾಡಿದ. 38 ಆಯಿತು, ಹುಡುಗ ಪಾಸ್. ದುಡ್ಡು ತೆಗೆದುಕೊಂಡಿಲ್ಲ, ನಿಜ. ಆದರೂ ಅವನು ಭ್ರಷ್ಟ.

ಯಾಕೆ ಅಂದರೆ, ಭ್ರಷ್ಟ ಅಂದರೆ ಜಾರಿ ಬಿದ್ದವನು. ಆ ಪದದಲ್ಲಿ ದುಡ್ಡೇ ಇಲ್ಲ. ದಾರಿ ತಪ್ಪಿದವನು ಪಥಭ್ರಷ್ಟ. ಇದ್ದ ಜಾಗ ಕಳೆದುಕೊಂಡವನು ಸ್ಥಾನಭ್ರಷ್ಟ. ಗೀತೆಯ 6ನೇ ಅಧ್ಯಾಯದಲ್ಲಿ ಯೋಗಭ್ರಷ್ಟ ಬರುತ್ತಾನೆ, ಸಾಧನೆಯ ನಡುವೆಯೇ ಜಾರಿದವನು. ಅವನು ಯಾರ ಹತ್ತಿರ ಲಂಚ ತಿಂದಿದ್ದ, ಹೇಳಿ? ಲಂಚ ತಿಂದವನಿಗೆ ಲಂಚಕೋರ ಅನ್ನೋ ಪದ ಇದ್ದೇ ಇದೆ. ಭ್ರಷ್ಟ ಅದಕ್ಕಿಂತ ದೊಡ್ಡದು. ಹೊಸಬರು ಸಬ್‌ಸ್ಕ್ರೈಬ್ ಮಾಡಿಬಿಡಿ, ಇಲ್ಲಿ ಇಂಥ ಮಾತೇ ಜಾಸ್ತಿ.

"ಭಾಷೆ ಬದಲಾಗುತ್ತೆ" ಅಂತೀರಾ? ಬದಲಾಗಲಿ. ಆದರೆ ಭ್ರಷ್ಟ ಅಂದರೆ ಬರೀ ಲಂಚ ಅಂತ ಮಾಡಿದರೆ ಲಾಭ ಯಾರಿಗೆ? ಕೈಗೆ ದುಡ್ಡು ಸೋಕಿಸದೆ ಅನ್ಯಾಯ ಮಾಡುವವರಿಗೆ! "ಕಾನೂನು ನೋಡಿ" ಅಂತ ಇನ್ನೊಬ್ಬರು. ನೀವೇ ನೋಡಿ ಸ್ವಾಮಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲೇ ಇದೆ: ಅಕ್ರಮ ಪ್ರತಿಫಲ ಅಂದರೆ ದುಡ್ಡೇ ಆಗಬೇಕಿಲ್ಲ, ದುಡ್ಡಿನಲ್ಲಿ ಅಳೆಯುವಂಥದ್ದೂ ಆಗಬೇಕಿಲ್ಲ. ಕಾಯ್ದೆಗೇ ಗೊತ್ತಿರೋದು ನಿಮಗೆ ಗೊತ್ತಿಲ್ವಾ?

ನನಗೆ ತೀರಾ ಸಿಟ್ಟು ಬರೋದು ಎಲ್ಲಿ ಗೊತ್ತಾ? ಬೇರೆ ಜಾತಿಯವರನ್ನು ಮದುವೆಯಾದವರಿಗೆ ಜಾತಿಭ್ರಷ್ಟ ಅಂತ ಹೆಸರಿಟ್ಟು ಮನೆಯಿಂದ, ಪಂಕ್ತಿಯಿಂದ ಹೊರಗೆ ಹಾಕಿದರು. ಆಗ ಯಾರೂ ಪೈಸೆ ಲೆಕ್ಕ ಕೇಳಲಿಲ್ಲ. ಪ್ರೀತಿ ಮಾಡಿದವರಿಗೆ ಸಲೀಸಾಗಿ ಹಚ್ಚಿದ ಪದವನ್ನು, ಅಂಕ ತಿದ್ದಿದವನಿಗೆ ಹಚ್ಚೋಕೆ ನಾಲಿಗೆ ತಡವರಿಸುತ್ತಾ? ಓದಿ ಬರೆದು ಒಂದೇ ಅಂಕದಲ್ಲಿ ಫೇಲಾದ ಮಗುವಿನ ಮುಂದೆ ನಿಂತು ಹೇಳಿ, "ಆ ಮೇಷ್ಟ್ರು ಒಳ್ಳೆಯವರು" ಅಂತ. ಹೇಳೋಕೆ ಆಗುತ್ತಾ? ಆಗಲ್ಲ!

ಅವನು ಭ್ರಷ್ಟ. ಭ್ರಷ್ಟನೇ. ನೂರು ಸಲ ಕೇಳಿ, ನೂರು ಸಲವೂ ಇದನ್ನೇ ಹೇಳುತ್ತೇನೆ. ಒಪ್ಪಿದವರು ಶೇರ್ ಮಾಡಿ. ಒಪ್ಪದವರು ಕೆಳಗೆ ಬರೆಯಿರಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ. ನೀತಿಗೆಟ್ಟ, ಲಜ್ಜೆಗೆಟ್ಟ, ಮಾನಗೆಟ್ಟ, ಈ 'ಗೆಟ್ಟ' ಪದಗಳ ಮೇಲೆ ಮುಂದಿನ ಎಪಿಸೋಡ್ ಬರುತ್ತಿದೆ. ಬೆಲ್ ಒತ್ತಿ ಇಟ್ಟುಕೊಳ್ಳಿ.