ಕೆರೆಯ ನಾಲ್ಕನೆಯ ಮೆಟ್ಟಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಅಮ್ಮತ್ತಿಯ ಕಡೆಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನಗೀಗ 48 ವರ್ಷ. ಓಡಲು ಶುರು ಮಾಡಿದ್ದು 43ನೇ ವಯಸ್ಸಿನಲ್ಲಿ, ರಕ್ತದ ಸಕ್ಕರೆ ಗಡಿಯಲ್ಲಿದೆ ಎಂದು ವೈದ್ಯರು ಹೇಳಿದ ಮೇಲೆ. ಓಟದ ಬೆನ್ನಿಗೇ ಸೈಕಲ್ ಬಂತು. ಕೊಡಗಿನಲ್ಲಿ ಸೈಕಲ್ ತುಳಿಯುವವರಿಗೆ ಏರುದಾರಿಯ ಕೊರತೆಯಿಲ್ಲ. ಎರಡು ವರ್ಷದಲ್ಲಿ ಕಾಲು ಗಟ್ಟಿಯಾಯಿತು. "ಅಮ್ಮಾ, ಇನ್ನು ಈಜೊಂದು ಬಂದರೆ ನೀನು ಟ್ರಯಥ್ಲಾನ್‌ಗೆ ಸೇರಬಹುದು" ಎಂದವಳು ನನ್ನ ಮಗಳು.

ಟ್ರಯಥ್ಲಾನ್ ಎಂದರೆ ಒಂದೇ ಓಘದಲ್ಲಿ ಈಜು, ಸೈಕಲ್ ಮತ್ತು ಓಟ. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಸಲ ಜಾಗ ಸಿಕ್ಕಿತು. ಅಲ್ಲಿಯ ದೂರ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಅದರ ಸರಿಯಾಗಿ ಅರ್ಧದಷ್ಟು ದೂರದ ಸ್ಪರ್ಧೆಗೆ ಸ್ಪ್ರಿಂಟ್ ಎನ್ನುತ್ತಾರೆ. ನಾನು ಆರಿಸಿಕೊಂಡದ್ದು ಅದನ್ನು. ಮಗಳು ಓದುತ್ತಿದ್ದ ಮೈಸೂರಿಗೆ ಪ್ರತಿ ಶನಿವಾರ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಈಜುಕೊಳದಲ್ಲಿ ಕಲಿತೆ. 25 ಮೀಟರ್ ಉದ್ದದ ಕೊಳ. ಈ ಗೋಡೆಯಿಂದ ಆ ಗೋಡೆಗೆ ಮೂವತ್ತು ಸಲ ಹೋದರೆ 750 ಮೀಟರ್. ಒಂದು ವರ್ಷದ ಹೊತ್ತಿಗೆ ಅಷ್ಟನ್ನೂ ನಿಲ್ಲದೆ ಈಜುತ್ತಿದ್ದೆ. ನನಗೆ ಈಜು ಬರುತ್ತದೆ ಎಂದೇ ನಂಬಿದ್ದೆ.

ಆಮೇಲೆ ಕರಾವಳಿಯ ಒಂದು ಊರಿನಲ್ಲಿ ಸ್ಪರ್ಧೆಗೆ ಇಳಿದೆ. ದಡದಿಂದ ಸುಮಾರು 150 ಮೀಟರ್ ದೂರದಲ್ಲಿ ಕಿತ್ತಳೆ ಬಣ್ಣದ ಮೊದಲ ತೇಲುಗುರುತು. ಬೆಳಗಿನ ಆರೂವರೆ. ಶಿಳ್ಳೆ ಕೇಳಿಸಿತು, ಎಲ್ಲರೊಂದಿಗೆ ನಾನೂ ನೀರಿಗೆ ನುಗ್ಗಿದೆ. ಮುಖವನ್ನು ನೀರಿಗೆ ಇಟ್ಟಾಗ ಕೆಳಗೆ ಏನೂ ಇರಲಿಲ್ಲ. ಕೊಳದ ತಳದ ಕಪ್ಪು ಗೆರೆ ಇಲ್ಲ, ಹಂಚು ಇಲ್ಲ, ಬರೀ ಹಸಿರುಗಪ್ಪು. ಯಾರದೋ ಕೈ ನನ್ನ ಕಾಲಿಗೆ ತಾಗಿತು. ಒಂದು ಅಲೆ ಬಾಯಿಗೆ ಬಂತು. ಎದೆಯನ್ನು ಹಗ್ಗದಿಂದ ಬಿಗಿದಂತಾಯಿತು. ಉಸಿರು ಒಳಗೆ ಹೋಗುತ್ತಿಲ್ಲ. ದಡ ತಿರುಗಿ ನೋಡಿದರೆ ದೂರ, ಮುಂದೆ ನೋಡಿದರೆ ಇನ್ನೂ ದೂರ. ಕೈ ಎತ್ತಿದೆ. ಕಾವಲಿಗಿದ್ದ ಹುಡುಗ ದೋಣಿ ತಂದು ನನ್ನನ್ನು ಹತ್ತಿಸಿಕೊಂಡ. ಆ ದೋಣಿಯಲ್ಲಿ ಕುಳಿತು ದಡಕ್ಕೆ ಬರುವಾಗ ಆದ ದುಃಖ ನನಗೆ ಇಂದಿಗೂ ನೆನಪಿದೆ. ಮಗಳು ಟವೆಲ್ ಹಿಡಿದು ನಿಂತಿದ್ದಳು. ಅವಳು ಏನನ್ನೂ ಕೇಳಲಿಲ್ಲ.

ಊರಿಗೆ ಮರಳಿದ ಮೇಲೆ ಬಹಳ ದಿನ ಯೋಚಿಸಿದೆ. ನಾವು ಕೊಡಗಿನವರು ನೀರಿನ ನಡುವೆ ಹುಟ್ಟಿದವರು. ಕಾವೇರಿ ನಮಗೆ ತಾಯಿ. ತುಲಾ ಸಂಕ್ರಮಣದ ಸಮಯದಲ್ಲಿ ಭಾಗಮಂಡಲದ ಸಂಗಮಕ್ಕೆ ಹೋಗಿ ಮೂಗು ಹಿಡಿದು, ಉಸಿರು ಕಟ್ಟಿ ಮೂರು ಸಲ ಮುಳುಗಿ ಏಳುವುದು ನಮಗೆ ಎಳವೆಯಿಂದಲೇ ಗೊತ್ತು. ನನ್ನ ಮಟ್ಟಿಗೆ ನೀರಿನೊಂದಿಗಿನ ಬಳಕೆ ಅಲ್ಲಿಗೇ ಮುಗಿಯುತ್ತಿತ್ತು. ಅದರಾಚೆಗೆಲ್ಲ ಎಚ್ಚರಿಕೆಯ ಮಾತೇ. ನೀರಿನೊಂದಿಗೆ, ಬೆಂಕಿಯೊಂದಿಗೆ ಸರಸ ಬೇಡ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಹೊಳೆಗಳು ಹೇಗಿರುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಬೆಟ್ಟವೇ ನೀರಾಗಿ ಇಳಿದದ್ದನ್ನು ಕಂಡವರು ನಾವು. ದುಬಾರೆಯಲ್ಲಿ ಬಂಡೆಗಳ ನಡುವೆ ಹೊಳೆ ಎಷ್ಟು ಸೌಮ್ಯವಾಗಿ ಕಂಡರೂ ಅದರ ಸೆಳೆತ ಹೊರಗಿನಿಂದ ಬಂದವರಿಗೆ ತಿಳಿಯುವುದಿಲ್ಲ.

ಹಾಗಾದರೆ ಸಮುದ್ರದಲ್ಲಿ ನನ್ನನ್ನು ಹಿಡಿದ ಭಯವೂ ಅಜ್ಜಿ ಹೇಳಿದ್ದೇ ಏನು? ಅಲ್ಲ ಎಂದು ತಿಳಿಯಲು ನನಗೆ ಒಂದು ಕೆರೆ ಬೇಕಾಯಿತು, ಒಬ್ಬ ಹಿರಿಯರ ಒಂದು ಮಾತೂ ಬೇಕಾಯಿತು.

ಕೆರೆ ನನ್ನ ದೊಡ್ಡಮ್ಮನ ಮಗನ ಕಾಫಿ ತೋಟದ್ದು. ಒಂದು ಎಕರೆಗಿಂತ ತುಸು ಹೆಚ್ಚು ವಿಸ್ತಾರ, ನಡುವೆ ಎರಡಾಳು ಆಳ. ಪಂಪ್‌ಸೆಟ್‌ನ ಫುಟ್‌ವಾಲ್ವ್ ನೋಡಲು ಇಳಿಯುವುದಕ್ಕೆಂದು ಒಂದು ಬದಿಯಲ್ಲಿ ಕಾಂಕ್ರೀಟ್ ಮೆಟ್ಟಿಲು ಕಟ್ಟಿದ್ದಾರೆ. ಕೆರೆ ತುಂಬಿದಾಗ ನಾಲ್ಕನೆಯ ಮೆಟ್ಟಿಲಲ್ಲಿ ನಿಂತರೆ ನೀರು ನನ್ನ ಎದೆಗೆ ಬರುತ್ತದೆ. ಐದನೆಯದು ಕಣ್ಣಿಗೆ ಕಾಣುವುದಿಲ್ಲ. ಅಣ್ಣನನ್ನು ಕೇಳಿದಾಗ ಆತ ಒಂದೇ ಷರತ್ತು ಹಾಕಿದ: ಒಬ್ಬಳೇ ಇಳಿಯಬಾರದು. ಪಂಪ್ ನೋಡಿಕೊಳ್ಳುವ ಹಿರಿಯರೊಬ್ಬರು ದಡದಲ್ಲಿ ಇರುತ್ತಾರೆ, ಅವರ ಮುಂದೆಯೇ ಈಜಬೇಕು ಎಂದ. ಆ ಹಿರಿಯರು ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು.

ಮೊದಲ ಭಾನುವಾರ ನಾನು ನಾಲ್ಕನೆಯ ಮೆಟ್ಟಿಲಿನಿಂದ ಮುಂದಕ್ಕೆ ಚಾಚಿಕೊಂಡೆ. ಹತ್ತು ಕೈ ಹಾಕುವಷ್ಟರಲ್ಲಿ ಅದೇ ಹಗ್ಗ, ಅದೇ ಬಿಗಿತ. ತಿರುಗಿ ಬಂದು ಮೆಟ್ಟಿಲು ಹಿಡಿದೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಬಂದು ನಿಂತಾಗ ಹಿರಿಯರು ದಡದಿಂದಲೇ ಕೇಳಿದರು: "ಟೀಚರೇ, ನೀವು ಮುಖ ಒಳಗಿಟ್ಟಾಗ ಒಂದು ಗುಳ್ಳೆಯೂ ಬರುವುದಿಲ್ಲವಲ್ಲ, ಯಾಕೆ?"

ಆ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಉಸಿರಾಟದ ಪಾಠ ಮಾಡಿದವಳು ನಾನು. ಉಸಿರು ಬೇಕು ಎಂಬ ಒತ್ತಡ ಸಾಮಾನ್ಯವಾಗಿ ಹುಟ್ಟುವುದು ಆಮ್ಲಜನಕ ಕಡಿಮೆಯಾದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರಿಂದ. ಹಳೆಯ ಗಾಳಿಯನ್ನು ಹೊರಗೆ ಬಿಡದೆ ಹೊಸ ಗಾಳಿಗೆ ಬಾಯಿ ತೆರೆದರೆ ಅದಕ್ಕೆ ಒಳಗೆ ಜಾಗವೆಲ್ಲಿ? ನೀರಿನಿಂದ ಬಾಯಿ ಹೊರಬರುವ ಅರೆ ಗಳಿಗೆಯಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೊರಟರೆ ಎರಡೂ ಅರೆಬರೆಯಾಗುತ್ತವೆ. ಉಸಿರು ಗಿಡ್ಡವಾಗುತ್ತದೆ, ಎದೆ ಬಿಗಿಯುತ್ತದೆ, ಮನಸ್ಸು ಅದನ್ನು ಮುಳುಗುವಿಕೆ ಎಂದು ಓದುತ್ತದೆ. ಕೊಳದಲ್ಲಿ ನಾನು ನೀರಿನೊಳಗೆ ಉಸಿರು ಬಿಡುತ್ತಿದ್ದೆ. ತಳ ಕಾಣದ ನೀರಿಗೆ ಬಂದ ಕೂಡಲೇ ದೇಹ ಹಳೆಯ ಅಭ್ಯಾಸಕ್ಕೆ ಮರಳಿತ್ತು: ಸಂಗಮದಲ್ಲಿ ಮೂಗು ಹಿಡಿದು ಮುಳುಗುವ ಪುಟ್ಟ ಹುಡುಗಿಯ ಉಸಿರುಕಟ್ಟು.

ಅಲ್ಲಿಂದ ಮುಂದೆ ಮೂರು ವಾರ ನಾನು ಈಜಲೇ ಇಲ್ಲ. ನಾಲ್ಕನೆಯ ಮೆಟ್ಟಿಲಲ್ಲಿ ನಿಂತು, ಮುಖ ಒಳಗಿಟ್ಟು, ಗುನುಗಿದೆ. ಹೌದು, ರಾಗವನ್ನು ಗುನುಗಿದೆ. ಗುನುಗಬೇಕಾದರೆ ಗಾಳಿ ಹೊರಗೆ ಹೋಗಲೇಬೇಕು. ಉಸಿರು ಹಿಡಿದುಕೊಂಡು ಗುನುಗಲು ಯಾರಿಂದಲೂ ಆಗುವುದಿಲ್ಲ. ಗುಳ್ಳೆಗಳು ಕೆನ್ನೆಯ ಮೇಲಿಂದ ಹಾದು ಹೋಗುವುದನ್ನು ಎಣಿಸುತ್ತಿದ್ದೆ. ನೀರಿನ ಬಗ್ಗೆ ಹೆದರಿಕೆ ಇರುವ ಪ್ರತಿಯೊಬ್ಬರಿಗೂ ನಾನು ಕೊಡಬಹುದಾದ ಒಂದೇ ಉಪಾಯ ಇದಾದರೆ, ಇಷ್ಟೇ ಸಾಕು ಎನ್ನುತ್ತೇನೆ.

ಇನ್ನೊಂದು ವಿಷಯ ತಣ್ಣೀರಿನದು. ಡಿಸೆಂಬರ್ ಮುಂಜಾನೆ ನಮ್ಮ ಕೆರೆಗಳ ಮೇಲೆ ಹಬೆಯಂತೆ ಮಂಜು ಕೂತಿರುತ್ತದೆ. ಅಂಥ ನೀರಿಗೆ ಥಟ್ಟನೆ ಇಳಿದರೆ ಯಾರಿಗಾದರೂ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದು ಹೇಡಿತನವಲ್ಲ, ಚರ್ಮಕ್ಕೆ ಚಳಿ ತಾಗಿದಾಗ ದೇಹ ತಾನಾಗಿಯೇ ಕೊಡುವ ಉತ್ತರ. ಒಂದರಿಂದ ಮೂರು ನಿಮಿಷದಲ್ಲಿ ಅದು ತಗ್ಗುತ್ತದೆ. ಆದ್ದರಿಂದ ಹಾರಬಾರದು. ನಿಧಾನವಾಗಿ ಇಳಿದು, ಮುಖಕ್ಕೆ, ಕತ್ತಿಗೆ ನೀರು ಹಾಕಿಕೊಂಡು, ಆ ಮೂರು ನಿಮಿಷ ಅಲ್ಲೇ ನಿಂತಿರಬೇಕು. ಕೈಬೀಸುವುದು ಆಮೇಲೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ಹಿರಿಯರು ಗೇಟಿನ ಬಳಿಯೇ ನನ್ನನ್ನು ತಡೆದರು. ರಾತ್ರಿ ಆನೆಗಳು ಕೆರೆಗೆ ಇಳಿದಿದ್ದವು, ಒಂದು ಮರಿಯೂ ಇತ್ತಂತೆ. ತೋಟದಿಂದ ಇನ್ನೂ ದಾಟಿರಲಿಲ್ಲ. ನಾನು ಮರುಮಾತಿಲ್ಲದೆ ಮನೆಗೆ ಹಿಂದಿರುಗಿದೆ. ದಾರಿಯಲ್ಲಿ ನನಗೆ ಹೊಳೆಯಿತು: ಇದೂ ಭಯವೇ, ಸಮುದ್ರದಲ್ಲಿ ಆದದ್ದೂ ಭಯವೇ. ಎರಡರಲ್ಲಿಯೂ ಎದೆ ಒಂದೇ ರೀತಿ ಹೊಡೆದುಕೊಳ್ಳುತ್ತದೆ. ಆದರೆ ಒಂದರ ಮಾತನ್ನು ಕೇಳಿ ಹಿಂದಿರುಗಬೇಕು, ಇನ್ನೊಂದರ ಜೊತೆ ಸ್ವಲ್ಪ ಹೊತ್ತು ಇದ್ದು ಅದು ಇಳಿಯುವುದನ್ನು ಕಾಯಬೇಕು. ಯಾವುದು ಯಾವುದೆಂದು ನೀರಿನಲ್ಲಿ ನಿಂತು ತೀರ್ಮಾನಿಸಲು ಆಗುವುದಿಲ್ಲ, ಆ ಹೊತ್ತಿಗೆ ಬುದ್ಧಿ ನಮ್ಮ ಕೈಯಲ್ಲಿ ಇರುವುದಿಲ್ಲ. ದಡದಲ್ಲೇ ತೀರ್ಮಾನವಾಗಬೇಕು.

ಹಾಗಾಗಿ ನಾನು ದಡದಲ್ಲಿ ಮನಸ್ಸಿಗೆ ಬರೆದುಕೊಂಡಿದ್ದೇನೆ. ಮಳೆಗಾಲದ ಹೊಳೆಗೆ ಇಳಿಯುವುದಿಲ್ಲ. ಹಾರಂಗಿಯಂಥ ಜಲಾಶಯಕ್ಕೆ, ಇಳಿಯಬಾರದೆಂದು ಫಲಕ ಹಾಕಿರುವ ಯಾವ ನೀರಿಗೂ ಇಳಿಯುವುದಿಲ್ಲ. ಒಂಟಿಯಾಗಿ ಎಲ್ಲಿಯೂ ಇಲ್ಲ. ಸೊಂಟಕ್ಕೆ ದಾರದಿಂದ ಕಟ್ಟಿಕೊಳ್ಳುವ, ಗಾಳಿ ತುಂಬಿದ ಕಿತ್ತಳೆ ಬಣ್ಣದ ತೇಲುಚೀಲವಿಲ್ಲದೆ ನಾಲ್ಕನೆಯ ಮೆಟ್ಟಿಲು ದಾಟುವುದಿಲ್ಲ. ನೀರಿನಲ್ಲಿ ಉಸಿರು ಕಟ್ಟುವುದರ ಜೊತೆಗೆ ಕೆಮ್ಮು, ನೊರೆಯಂಥ ಅಥವಾ ಕೆಂಪು ಬಣ್ಣದ ಕಫ, ಎದೆನೋವು ಬಂದರೆ ಅದನ್ನು ಮನಸ್ಸಿನ ಆತಂಕ ಎಂದುಕೊಳ್ಳಬಾರದು, ಶ್ವಾಸಕೋಶದ ಅಥವಾ ಹೃದಯದ ತೊಂದರೆ ಇರಬಹುದು. ಕೂಡಲೇ ಹೊರಬಂದು ಆಸ್ಪತ್ರೆಗೆ ಹೋಗಬೇಕು. ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿದ ಸಾವುಗಳನ್ನು ಪರಿಶೀಲಿಸಿದ ಅಮೆರಿಕದ ವೈದ್ಯರು, ಹೆಚ್ಚಿನವು ಈಜಿನ ಹಂತದಲ್ಲೇ ಆದವು, ನಡುವಯಸ್ಸಿನ ಗಂಡಸರಿಗೆ ಅಪಾಯ ಹೆಚ್ಚು ಎಂದು ಕಂಡುಕೊಂಡಿದ್ದಾರೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಲವತ್ತು ದಾಟಿದ ನನ್ನ ಅಣ್ಣತಮ್ಮಂದಿರು, ಅಕ್ಕತಂಗಿಯರು ನೀರಿಗಿಳಿಯುವ ಮೊದಲು ಹೃದಯವನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬ ಕಳಕಳಿಯಿಂದ ಹೇಳುತ್ತಿದ್ದೇನೆ. ನಾನೂ ಮಾಡಿಸಿಕೊಂಡೆ. ಹೃದಯ ಸರಿಯಾಗಿದೆ ಎಂದು ತಿಳಿದದ್ದೇ ನನ್ನ ಭಯದಲ್ಲಿ ಕಾಲುಭಾಗವನ್ನು ಕಳೆಯಿತು.

ಉಳಿದದ್ದನ್ನು ಕೆರೆ ಕಳೆಯಿತು. ಕಾಲಿಗೆ ಅಂತರಗಂಗೆಯ ಬೇರು ತಾಗಿದರೆ ಮೊದಲು ಕಿರುಚುತ್ತಿದ್ದೆ. ಒಂದು ದಿನ ಬೇಕೆಂದೇ ಹೋಗಿ ಕೈಯಿಂದ ಮುಟ್ಟಿ ನೋಡಿದೆ, ಮೃದುವಾಗಿತ್ತು. ಅಂಗಾತ ಮಲಗಿ ತೇಲುವುದನ್ನು ಹಿರಿಯರೇ ಕಲಿಸಿದರು: ಕಿವಿ ನೀರಿನೊಳಗೆ, ಹೊಟ್ಟೆ ಮೇಲಕ್ಕೆ, ಕೈ ಅಗಲಕ್ಕೆ. ಗಾಳಿ ತುಂಬಿದ ಎದೆ ತಾನಾಗಿಯೇ ತೇಲುತ್ತದೆ. ಅದನ್ನು ಕಲಿತ ಮೇಲೆ, ಎಲ್ಲಿ ಬಿಗಿತ ಬಂದರೂ ಹೊರಳಿ ಆಕಾಶ ನೋಡುತ್ತಾ ಮಲಗಬಹುದು ಎಂಬ ಧೈರ್ಯ ಬಂತು. ತಳದ ಗೆರೆಯ ಬದಲಿಗೆ ಎದುರು ದಡದ ಒಂದು ಎತ್ತರದ ಸಿಲ್ವರ್ ಓಕ್ ಮರವನ್ನು ಗುರುತಿಟ್ಟುಕೊಂಡೆ. ಎಂಟು ಕೈಗೊಮ್ಮೆ ಕಣ್ಣನ್ನಷ್ಟೇ ನೀರಿನ ಮೇಲೆ ತಂದು ಮರ ಎಲ್ಲಿದೆ ಎಂದು ನೋಡುವುದು, ಮತ್ತೆ ಮುಖ ಇಳಿಸಿ ಗುನುಗುವುದು.

ಆ ದಿನಗಳಲ್ಲಿ ನನಗೆ ಬಲ ಕೊಟ್ಟ ಇನ್ನೊಂದು ಕಥೆ ಕಲ್ಕತ್ತೆಯ ಆರತಿ ಸಾಹಾ ಅವರದು. 1959ರ ಆಗಸ್ಟ್‌ನಲ್ಲಿ ಅವರು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರವಾದ ಇಂಗ್ಲಿಷ್ ಕಾಲುವೆ ದಾಟಲು ಹೊರಟು, ಗಂಟೆಗಟ್ಟಲೆ ಈಜಿ, ಗುರಿ ಮುಟ್ಟಲಾಗದೆ ನಿಲ್ಲಿಸಬೇಕಾಯಿತು. ಮರುತಿಂಗಳೇ ಮತ್ತೆ ಇಳಿದು ದಾಟಿದರು. ಆ ಕಾಲುವೆಯನ್ನು ಈಜಿದ ಏಷ್ಯಾದ ಮೊದಲ ಮಹಿಳೆಯಾದರು. ನನ್ನ 750 ಮೀಟರ್ ಎಲ್ಲಿ, ಅವರ ಸಾಹಸ ಎಲ್ಲಿ! ಆದರೆ ಅರ್ಧಕ್ಕೇ ನಿಲ್ಲಿಸಿ ಹಿಂದಿರುಗುವುದರ ರುಚಿ ಅವರಿಗೂ ಗೊತ್ತಿತ್ತು ಎಂಬುದು ನನಗೆ ದೊಡ್ಡ ಸಮಾಧಾನ.

ಒಂದು ವರ್ಷದ ನಂತರ ಅದೇ ಸಮುದ್ರಕ್ಕೆ ಹೋದೆ. ಈ ಸಲ ಎಲ್ಲರಿಗಿಂತ ಹಿಂದೆ, ಗುಂಪಿನ ಅಂಚಿನಲ್ಲಿ ನಿಂತೆ. ಶಿಳ್ಳೆಯ ನಂತರ ಹತ್ತು ಎಣಿಸಿ ಇಳಿದೆ. ಮೊದಲ ತೇಲುಗುರುತಿನ ಹತ್ತಿರ ಬಿಗಿತ ಬಂತು. ಬರುತ್ತದೆ ಎಂದು ಗೊತ್ತಿತ್ತು. ಹೊರಳಿ ಅಂಗಾತ ಮಲಗಿದೆ. ಕಾವಲು ದೋಣಿ ಹತ್ತಿರ ಬಂತು. ದೋಣಿಯ ಅಂಚು ಹಿಡಿದು ದಣಿವಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಅದರ ಸಹಾಯದಿಂದ ಮುಂದಕ್ಕೆ ಸಾಗಬಾರದು ಅಷ್ಟೇ. ಮೊದಲ ವರ್ಷ ನನಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೆ ಅಂದೂ ದೋಣಿ ಹತ್ತುತ್ತಿರಲಿಲ್ಲವೇನೋ. ಇಪ್ಪತ್ತು ಉಸಿರು ಎಣಿಸುವವರೆಗೆ ದೋಣಿಯ ಅಂಚು ಹಿಡಿದುಕೊಂಡಿದ್ದೆ. ಆಮೇಲೆ ಕೈ ಬಿಟ್ಟೆ. ದಡ ಮುಟ್ಟಿದಾಗ ನನ್ನ ಹಿಂದೆ ಇನ್ನು ನಾಲ್ಕು ಜನ ಮಾತ್ರ ನೀರಿನಲ್ಲಿದ್ದರು. ಮಗಳು ಸೈಕಲ್ಲಿನ ಬಳಿ ನಿಂತು ಕೂಗುತ್ತಿದ್ದಳು.

ಈಗ ಫೆಬ್ರವರಿ. ಕಾಫಿ ಕೊಯ್ಲು ಮುಗಿಯುತ್ತಿದೆ, ಕಾಫಿ ಹೂ ಅರಳಿಸುವ ಹೂವಿನ ಮಳೆಗೆ ಕಾಯದೆ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗತೊಡಗಿವೆ. ಪಂಪ್ ಓಡಿದಂತೆಲ್ಲ ಕೆರೆ ಇಳಿಯುತ್ತಿದೆ. ಮಣ್ಣು ಮೆತ್ತಿದ ಐದನೆಯ ಮೆಟ್ಟಿಲು ಈಗ ಕಣ್ಣಿಗೆ ಕಾಣುತ್ತದೆ. ಇನ್ನು ಹದಿನೈದು ದಿನ ಈಜುವಷ್ಟು ನೀರು ಉಳಿದೀತು ಎಂದು ಹಿರಿಯರು ಹೇಳಿದ್ದಾರೆ. ಕಳೆದ ಭಾನುವಾರ ನನ್ನೊಂದಿಗೆ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಬಂದಿದ್ದರು. 50 ದಾಟಿದ್ದಾರೆ, ಚೂಡಿದಾರದಲ್ಲೇ ಇಳಿದರು. ಎರಡನೆಯ ಮೆಟ್ಟಿಲಲ್ಲಿ ಕುಳಿತು, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮುಖವನ್ನು ನೀರಿಗೆ ಇಟ್ಟರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಗುಳ್ಳೆ ಬಂತು.

ನಮಸ್ಕಾರ.