ಹೆರಿಗೆ ಆಸ್ಪತ್ರೆಗೆ ಹೋಯ್ತು, ಸೂಲಗಿತ್ತಿ ಊರಲ್ಲೇ ಉಳಿದ್ಲು

ನಮಸ್ಕಾರ. ಹೊಸನಗರದ ಕಡೆಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಜೀರುಂಡೆ ಕೂಗೋದು ಕೇಳಿಸ್ತಾ ಇದ್ರೆ ಸಹಿಸ್ಕೊಳ್ಳಿ, ಕಿಟಕಿ ಮುಚ್ಚಿದ್ರೆ ಸೆಕೆ ತಡೆಯೋಕಾಗಲ್ಲ.

ಹೋದ ವಾರ ಅಕ್ಕನ ಮಗಳು ಬೆಂಗಳೂರಿಂದ ಫೋನ್ ಮಾಡಿದ್ಲು. ಚೊಚ್ಚಲ ಬಸುರಿ, ಏಳು ತಿಂಗಳು. ಬಾಣಂತನಕ್ಕೆ ತವರಿಗೇ ಬರೋದು. "ಚಿಕ್ಕಮ್ಮಾ, ಹೆರಿಗೇನೂ ಮನೇಲೇ ಮಾಡ್ಕೊಳ್ಳೋಣ ಅಂತಿದ್ದೀನಿ. ಅಮ್ಮ ಹುಟ್ಟಿದ್ದು ಆ ಜಗಲಿ ಪಕ್ಕದ ಕೋಣೇಲೇ ಅಲ್ವಾ?" ಅಂದ್ಲು. ಮೊಬೈಲಲ್ಲಿ ಎಂತೆಂತದೋ ವಿಡಿಯೋ ನೋಡಿದ್ದಾಳೆ. ದೀಪ ಹಚ್ಚಿದ್ದಾರೆ, ಟಬ್ಬಲ್ಲಿ ಬೆಚ್ಚಗಿನ ನೀರು, ಗಂಡ ಕೈ ಹಿಡ್ಕೊಂಡು ಕೂತಿದ್ದಾನೆ.

ನನಗೆ ಬಾಯಿಗೆ ಬಂದಿದ್ದು ಬೈಗುಳ. ನುಂಗ್ಕೊಂಡೆ. ಯಾಕಂದ್ರೆ ಅವಳು ಕೇಳ್ತಾ ಇರೋದರಲ್ಲಿ ಅರ್ಧ ಸರಿ ಇದೆ. ಆ ಅರ್ಧ ಯಾವುದು ಅಂತ ಇವತ್ತು ಹೇಳ್ತೀನಿ. ತಪ್ಪಿರೋ ಅರ್ಧ ಮೊದಲು.

ಆ ಕೋಣೇಲಿ ನಮ್ಮಮ್ಮ ಹೆತ್ತಿದ್ದು ಆರು. ಉಳಿದವರು ನಾವು ನಾಲ್ಕು ಜನ. ಮನೇಲಿ ಹುಟ್ಟಿದ ಕಥೆ ಹೇಳೋರೆಲ್ಲ ಬದುಕಿ ಉಳಿದವರೇ ನೋಡಿ. ಉಳಿಯದೇ ಇದ್ದೋರ ಪರವಾಗಿ ವಿಡಿಯೋ ಮಾಡೋರು ಯಾರು?

ಇನ್ನು ಇವಳಿಗೆ ದಿನ ತುಂಬೋದು ಜುಲೈ ಮೂರನೇ ವಾರ. ಹುಲಿಕಲ್, ಮಾಸ್ತಿಕಟ್ಟೆ ಕಡೆ ಮಳೆ ಕಂಡವರಿಗೆ ಬಿಡಿಸಿ ಹೇಳೋದು ಬೇಡ. ಒಂದು ಧರೆ ಕುಸಿದ್ರೆ, ಒಂದು ಮರ ರಸ್ತೆಗೆ ಬಿದ್ರೆ ಮುಗೀತು. ಕರೆಂಟು ಹೋದ್ರೆ ಮೂರು ದಿನ, ಜೊತೆಗೆ ಟವರ್ರೂ ಹೋಗುತ್ತೆ, 108ಕ್ಕೆ ಫೋನ್ ಹತ್ತಲ್ಲ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಕಲ್ಲಿನ ಹಾಗೆ ಮುದುಡ್ಕೋಬೇಕು. ಮುದುಡದೇ ಸಡಿಲವಾಗಿ ಉಳೀತು ಅಂದ್ರೆ ರಕ್ತ ನಿಲ್ಲಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರೀತಿರುತ್ತೆ, ಲೆಕ್ಕ ಹಾಕ್ಕೊಳ್ಳಿ. ಅದನ್ನ ಮುದುಡಿಸೋ ಆಕ್ಸಿಟೋಸಿನ್ ಇಂಜೆಕ್ಷನ್ ಫ್ರಿಜ್ಜಲ್ಲಿ ಇರಬೇಕು. ಎರಡು ಯೂನಿಟ್ ರಕ್ತ ಅಟ್ಟದ ಮೇಲೆ ಇಟ್ಕೊಳ್ಳೋಕೆ ಅದೇನು ಉಪ್ಪಿನಕಾಯಿ ಭರಣಿಯಾ?

"ಇಂಗ್ಲೆಂಡಲ್ಲಿ ಮಾಡ್ಕೊಳ್ತಾರಲ್ಲ" ಅಂದ್ಲು. ಮಾಡ್ಕೊಳ್ತಾರೆ. ಅಲ್ಲಿ ಸುಮಾರು 64,000 ಹೆರಿಗೆ ಲೆಕ್ಕ ಹಿಡಿದು 2011ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ತೊಡಕಿಲ್ಲದ ಬಸುರಿಯರದ್ದು ಮಾತ್ರ. ಎರಡನೇದೋ ಮೂರನೇದೋ ಹೆರಿಗೆ ಆದವರಿಗೆ ಮನೇಲಾದ್ರೂ ಮಗುವಿಗೆ ಅಪಾಯ ಹೆಚ್ಚು ಅಂತ ಕಾಣಲಿಲ್ಲ, ಅದನ್ನ ಮುಚ್ಚಿಡಲ್ಲ ನಾನು. ಆದ್ರೆ ಚೊಚ್ಚಲಿನವರಲ್ಲಿ ಮಗುವಿಗೆ ಗಂಭೀರ ತೊಂದರೆ ಆಗಿದ್ದು ಆಸ್ಪತ್ರೇಲಿ ಸಾವಿರಕ್ಕೆ ಐದಾದ್ರೆ, ಮನೇಲಿ ಒಂಬತ್ತು. ಮನೇಲೇ ಹೆರ್ತೀವಿ ಅಂತ ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಜನರನ್ನ ಹೆರಿಗೆ ನಡುವೆಯೋ, ಆದ ಕೂಡಲೋ ಆಸ್ಪತ್ರೆಗೆ ಸಾಗಿಸಬೇಕಾಯ್ತು. ತರಬೇತಿ ಆದ ಮಿಡ್‌ವೈಫ್ ಪಕ್ಕದಲ್ಲೇ ಇದ್ದು, ಆಂಬುಲೆನ್ಸು, ರಸ್ತೆ ಎಲ್ಲ ಇದ್ದ ಊರಿನ ಕಥೆ ಇದು ಮಾರಾಯ್ರೆ. ನಮ್ಮ ತಿರುವಿನ ರಸ್ತೇಲಿ?

ತುಮರಿ ಕಡೆಯವರನ್ನ ಕೇಳಿ. ಲಿಂಗನಮಕ್ಕಿ ಹಿನ್ನೀರು ಸುತ್ತುವರಿದ ಮೇಲೆ ಸಾಗರಕ್ಕೆ ಬರೋಕೆ ಲಾಂಚೇ ದಾರಿ. ಲಾಂಚ್ ನಿಂತ ಮೇಲೆ ಬೇನೆ ಶುರುವಾದ್ರೆ ಕಾಡಿನ ದಾರೀಲಿ ಸುತ್ತು ಹೊಡೀಬೇಕು, ಇಲ್ಲಾ ಬೆಳಗಾಗೋ ತನಕ ಕಾಯ್ಬೇಕು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ಸಿಗೋ ತನಕ ಹಂಗೇ ಇತ್ತು. ಅಲ್ಲಿ ರಾತ್ರಿ ಹೊತ್ತು ಮನೇಲಿ ಹೆತ್ತವರು ಅದನ್ನ ಆಯ್ಕೆ ಅಂತ ಕರೀಲಿಲ್ಲ. ಗತಿ ಅಂದ್ರು.

ಸರಿ, ಈಗ ಅವಳ ಮಾತಿನ ಸರಿ ಇರೋ ಅರ್ಧ.

ನಮ್ಮೂರ ಸೂಲಗಿತ್ತಿ ಅಜ್ಜಿ ನನಗೆ ಸ್ವಲ್ಪ ಸ್ವಲ್ಪ ನೆನಪಿದ್ದಾರೆ. ತಮ್ಮ ಹುಟ್ಟೋ ರಾತ್ರಿ ಕಂಬಳಿ ಕೊಪ್ಪೆ ಹಾಕ್ಕೊಂಡು, ಸೂಡಿ ಬೀಸ್ಕೊಂಡು ಗದ್ದೆ ಬದುವಿನ ಮೇಲೆ ಬಂದ್ರು. ಬಂದವರೇ ಬಚ್ಚಲೊಲೆ ಹತ್ರ ಕೂತು ಕೈ ಕಾಯಿಸ್ಕೊಂಡ್ರು, ತಣ್ಣನೆ ಕೈ ಬಸುರಿ ಹೊಟ್ಟೆಗೆ ತಾಗಬಾರದು ಅಂತ. ಆಮೇಲೆ ಅಮ್ಮನ್ನ ಮಲಗಿಸಲಿಲ್ಲ. ಜಗಲಿ ಮೇಲೆ ನಡೆಸಿದ್ರು, ನೋವು ಬಂದಾಗೆಲ್ಲ ಸೊಂಟ ಒತ್ತಿದ್ರು, ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ಕುಕ್ಕರಗಾಲಲ್ಲಿ ಕೂರಿಸಿದ್ರು. ಬೆಳಗಿನ ಜಾವದ ತನಕ ಒಂದು ಗಳಿಗೆ ಬಿಟ್ಟು ಎದ್ದು ಹೋಗಲಿಲ್ಲ.

ನನ್ನ ಚೊಚ್ಚಲ ಹೆರಿಗೆ ಆಸ್ಪತ್ರೇಲಿ ಆಯ್ತು. ಯಾವುದು ಅಂತ ಬೇಡ. ಅಮ್ಮನ್ನ ಬಾಗಿಲ ಹೊರಗೆ ನಿಲ್ಲಿಸಿದ್ರು. ಒಂಬತ್ತು ಗಂಟೆ ಅಂಗಾತ ಮಲಗಿದ್ದೆ. ಕೂಗಿದ್ರೆ "ಮಾಡ್ಕೊಳ್ಳುವಾಗ ಗೊತ್ತಿರ್ಲಿಲ್ವಾ?" ಅಂತ ಒಬ್ಬರು ಕೇಳಿದ್ರು. ಮಗು ಗಟ್ಟಿಯಾಗಿತ್ತು, ನಾನೂ ಗಟ್ಟಿ. ಹಂಗಂತ ಆ ಮಾತು ಮರೆಯೋಕಾಗುತ್ತಾ? ಅಕ್ಕನ ಮಗಳು ಹೆದರ್ತಾ ಇರೋದು ಇದಕ್ಕೇ. ಅವಳು ಹುಡುಕ್ತಾ ಇರೋದು ಆ ಕೋಣೇನ ಅಲ್ಲ, ಬಿಟ್ಟು ಎದ್ದು ಹೋಗದ ಆ ಅಜ್ಜಿನ.

ಹೆರಿಗೆ ಆಸ್ಪತ್ರೆಗೆ ತಂದ್ವಿ, ಅದು ಒಳ್ಳೇದೇ ಆಯ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳೋ ಹಾಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ. ಆದ್ರೆ ಪಕ್ಕದಲ್ಲಿ ಕೂರೋ ಜೀವಾನ ಊರಲ್ಲೇ ಬಿಟ್ಟು ಬಂದ್ವಿ. ಅದೇ ಸಮೀಕ್ಷೇಲಿ ಸಿಸೇರಿಯನ್ ನೂರಕ್ಕೆ 31.5, ಹಿಂದಿನ ಸಲ 23.6 ಇತ್ತು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಎಲ್ಲಾ ಸಿಸೇರಿಯನ್ನೂ ದುಡ್ಡಿಗೆ ಅನ್ನೋರ ಸಾಲಲ್ಲಿ ನಾನಿಲ್ಲ. ಕಾಯೋಕೆ ಜನ ಇಲ್ಲದ ಕಡೆ ಕತ್ತರಿ ಬೇಗ ಬರುತ್ತೆ ಅನ್ನೋದು ನನ್ನ ಗುಮಾನಿ.

ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ತಾಯಿ. ಕೊಡಲೇಬೇಕಿತ್ತು. ಅದೇ ವರ್ಷ ಕೇಂದ್ರ ಸರ್ಕಾರ ಮಿಡ್‌ವೈಫರಿ ಮಾರ್ಗಸೂಚಿನೂ ತಂತು: ನರ್ಸ್‌ಗಳಿಗೆ ಹದಿನೆಂಟು ತಿಂಗಳ ತರಬೇತಿ, ತೊಡಕಿಲ್ಲದ ಹೆರಿಗೆ ಅವರೇ ನೋಡ್ಕೊಳ್ಳೋದು, ಡಾಕ್ಟರ್ ಬೆನ್ನಿಗೆ. ಅಂಥವರನ್ನ ಮೊದಲು ನಮ್ಮ ಮಲೆನಾಡಿನ ತಾಲೂಕು ಆಸ್ಪತ್ರೆಗಳಿಗೆ ಕಳಿಸಿ ಅಂತೀನಿ ನಾನು. ಅಲ್ಲಿ ತನಕ ಒಂದು ಕೆಲಸ ನಾವೇ ಮಾಡ್ಬಹುದು. ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಬಹುದು ಅಂತ 2016ರಲ್ಲೇ ಹೇಳಿದ್ದಾರೆ. ತಾಯಿ ಕಾರ್ಡ್ ತೋರಿಸುವಾಗಲೇ ಕೇಳಿ. ನಡೆದಾಡಬಹುದಾ, ಮಗ್ಗುಲಾಗಿ ಮಲಗಬಹುದಾ ಅಂತಲೂ ಕೇಳಿ. ನಾಚ್ಕೋಬೇಡಿ.

ಮನೆಗೆ ಬಂದ ಮೇಲಿನ ಕಥೆ ಬೇರೆ. ಬೆಳ್ಳುಳ್ಳಿ ಹುರಿಯೋರು, ಲೇಹ ಕಾಸೋರು, ಹಂಡೆ ತುಂಬ ನೀರು ಎರೆಯೋರು ಎಲ್ಲ ಇರ್ತಾರೆ. ಆ ಬಿಸಿನೀರು, ಆ ನಿದ್ದೆ, ಅದಕ್ಕೆ ನನ್ನ ಆಕ್ಷೇಪ ಇಲ್ಲ. ನೀರು ಕುಡಿದ್ರೆ ಹೊಟ್ಟೆ ಬರುತ್ತೆ ಅಂತ ಬಾಣಂತಿಗೆ ಲೋಟ ಅಳತೆ ಮಾಡಿ ಕೊಡ್ತಾರಲ್ಲ, ಅದಕ್ಕಿದೆ. ಹಾಲುಣಿಸೋಳಿಗೆ ಬಾಯಾರಿಕೆ ಆಗದೇ ಇರುತ್ತಾ?

ಮೂರನೇ ದಿನ ನನ್ನ ಎದೆ ಕಲ್ಲಾಗಿತ್ತು, ಮೊಲೆ ತೊಟ್ಟು ಒಡೆದು ರಕ್ತ. ಮಗು ಅರಚೋದು. "ಹಾಲು ಸಾಲ್ತಿಲ್ಲ" ಅಂತ ಅಮ್ಮ ಬೆಳ್ಳಿ ಒಳಲೇಲಿ ಹಸುವಿನ ಹಾಲಿಗೆ ನೀರು ಬೆರೆಸಿ ತಂದೇಬಿಟ್ರು. ಆ ಹೊತ್ತಿಗೆ ಸರಿಯಾಗಿ ಉಪಕೇಂದ್ರದ ಸಿಸ್ಟರ್ ಬಂದಿದ್ದು ನನ್ನ ಪುಣ್ಯ. ಕೊಡೆ ಮಡಚಿಟ್ಟು ನನ್ನ ಪಕ್ಕ ಚಾಪೆ ಮೇಲೆ ಕೂತ್ರು. ಎದೆ ಹಿಂಡಿ ಸ್ವಲ್ಪ ಹಾಲು ತೆಗೆದು ಮೆತ್ತಗೆ ಮಾಡಿದ್ರು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗಿಸಿ, ಕಿವಿ, ಭುಜ, ಸೊಂಟ ಒಂದೇ ಗೆರೇಲಿ ಬರೋ ಹಾಗೆ ಹಿಡಿಸಿದ್ರು. ಬಾಯಿ ದೊಡ್ಡದಾಗಿ ತೆಗೆಯೋ ತನಕ ಕಾದು, ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗಾನೂ ಬಾಯೊಳಗೆ ಹೋಗೋ ಹಾಗೆ ಕೊಟ್ರು. ಗಲ್ಲ ಎದೆಗೆ ಒತ್ತಿತ್ತು. ಗುಟುಕ್ ಗುಟುಕ್ ಅಂತ ನುಂಗೋ ಸದ್ದು ಕೇಳಿಸ್ತು. ಇಪ್ಪತ್ತು ನಿಮಿಷ. ಅಷ್ಟೇ ಬೇಕಾಗಿದ್ದಿದ್ದು.

ಅವರು ಹೇಳ್ಕೊಟ್ಟ ಲೆಕ್ಕ ಈಗ್ಲೂ ಎಲ್ಲರಿಗೂ ಹೇಳ್ತೀನಿ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯೋದೇ ಒಂದು ಟೀ ಚಮಚದಷ್ಟು, ಆ ಹಳದಿ ಗಟ್ಟಿ ಹಾಲು ಅದಕ್ಕೆ ಧಾರಾಳ. ಅದನ್ನ ಹಿಂಡಿ ಚೆಲ್ಲಬೇಡಿ. ಮೊದಲ ವಾರ ತೂಕ ಸ್ವಲ್ಪ ಇಳಿಯೋದು ಸಹಜ, ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದ್ರೆ ಡಾಕ್ಟರ್ ಹತ್ರ ಓಡಿ. ಐದನೇ ದಿನದಿಂದ ದಿನಕ್ಕೆ ಆರು ಸಲ ಉಚ್ಚೆ ಮಾಡಿದ್ರೆ ಹಾಲು ಸಾಲ್ತಾ ಇದೆ ಅಂತ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಜೇನುತುಪ್ಪ ವರ್ಷ ತುಂಬೋ ತನಕ ಬೇಡವೇ ಬೇಡ.

ಕೆಲವರಿಗೆ ಏನು ಮಾಡಿದ್ರೂ ಸಾಲಲ್ಲ, ಕೆಲವರು ತಿಂಗಳಿಗೇ ತೋಟದ ಕೂಲಿಗೆ ಹೋಗ್ಬೇಕು. ಅವರನ್ನ ಯಾರೂ ಕಟಕಟೆಗೆ ನಿಲ್ಲಿಸಬೇಡಿ. ಹಾಲಿನ ಪುಡಿ ಜಾಹೀರಾತು ಹಾಕಬಾರದು ಅಂತ 1992ರ ಕಾನೂನು ಇರೋದು ಕಂಪನಿಗಳಿಗೆ, ತಾಯಂದಿರನ್ನ ಬೈಯೋಕಲ್ಲ.

ಅಕ್ಕನ ಮಗಳ ಜೊತೆ ಒಂದೂವರೆ ಗಂಟೆ ಮಾತಾಡಿದೆ. ತಲೆನೋವು ಜಾಸ್ತಿಯಾದ್ರೆ, ಕಣ್ಣು ಮಂಜಾದ್ರೆ, ರಕ್ತ ಕಂಡ್ರೆ, ಮಗು ಅಲ್ಲಾಡೋದು ಕಮ್ಮಿಯಾದ್ರೆ ನನಗೆ ಫೋನ್ ಮಾಡ್ತಾ ಕೂರಬೇಡ, ಸೀದಾ ಆಸ್ಪತ್ರೆಗೆ ಹೋಗು ಅಂದೆ. ಜುಲೈ ಶುರುವಾಗ್ತಿದ್ದಂಗೆ ಶಿವಮೊಗ್ಗದಲ್ಲಿರೋ ನಮ್ಮಣ್ಣನ ಮನೆ ಮಹಡಿ ರೂಮಿಗೆ ಹೋಗೋದು ಅಂತಾಯ್ತು. ಒಳಗೆ ಜೊತೆಗಿರೋದು ನಾನು. ಕೈ ಕಾಯಿಸ್ಕೊಂಡು ಬರ್ತೀನಿ ಅಂದಿದ್ದೀನಿ, ನಕ್ಕಳು.

ಅಮ್ಮ ಮಾತ್ರ ನಿನ್ನೆ ಅಟ್ಟದಿಂದ ಆ ಒಳಲೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಇಟ್ಟಿದ್ದಾರೆ. ನಾನು ತೆಗೆದು ಒಳಗಿಟ್ಟೆ. ಈಗ ನೋಡಿದ್ರೆ ಮತ್ತೆ ಜಗಲಿ ಮೇಲಿದೆ.